ಮ್ಯಾಗ್ನೆಟ್ ಮೇಲೆ ಮಾವ

ನವೆಂಬರ್ 4, ಸೋಮವಾರ

ಟೂಲ್ಸ್ ಮಾರುವ ಕಂಪನಿಯವರು ದೀಪಾವಳಿಗೆ ನಮ್ಮ ಶೆಡ್ಡಿಗೆ ಒಂದು ಡೈರಿ ಕೊಟ್ಟರು. ಮುಂದಿನ ವರ್ಷದ್ದು. ಓನರ್ ಲಕ್ಷ್ಮಣಪ್ಪನವರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದ್ರಾಗೆ ನಾನೇನ್ ಬರೀಲ್ಲಾ, ನೀನೇ ಮಡೀಕ" ಎಂದು ನನ್ನ ಕಡೆ ಎಸೆದರು. ಆದಕಾರಣ ಪೀಣ್ಯ ಎರಡನೇ ಹಂತದ ಇತಿಹಾಸವನ್ನು ದಾಖಲಿಸುವ ಮಹಾಭಾರ ಇಂದಿನಿಂದ ಬಡ ಲೇತ್ ಆಪರೇಟರ್ ಮುತ್ತುವಿನ ಹೆಗಲಿಗೆ ಬಿದ್ದಿದೆ. ಅಚ್ಚಾದ ತಾರೀಖು ಹೊಡೆದುಹಾಕಿ ನನ್ನ ತಾರೀಖು ಬರೆದುಕೊಳ್ಳುತ್ತಿದ್ದೇನೆ. ಮುಂದೆ ನನ್ನ ಹೆಸರಿನಲ್ಲಿ ಒಂದು ಸರ್ಕಲ್ ಆದಾಗ ಸಂಶೋಧಕರು ಒದ್ದಾಡಲಿ.

ಇಂದಿನ ಮುಖ್ಯ ಸಮಾಚಾರ: ಟೀ ವೇಳೆಯಲ್ಲಿ ಭರಮಪ್ಪ ಮಾವನ ಕೈಯಿಂದ ಗಾಜಿನ ಲೋಟವೊಂದು ಸ್ವರ್ಗಸ್ಥವಾಯಿತು. ಇತ್ತೀಚೆಗೆ ಇಂಥ ಸಾವುಗಳು ಹೆಚ್ಚುತ್ತಿವೆ. ನಾನು ಎದ್ದು ನಿಂತು ಟೋಪಿ ತೆಗೆದು ಮೌನಾಚರಣೆ ಮಾಡಿಸಿದೆ. ಪಕ್ಕದ ಲೇತಿನ ಬಸಲಿಂಗ ಚೂರುಗಳ ಮೇಲೆ ಬನ್ನಿನ ಕಾಗದ ಹೊದಿಸಿದ. ಮಾವನೂ ನಕ್ಕ. ನಕ್ಕು ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಕೈ ಒದ್ದೆಯಿದ್ದದ್ದೇ ಕಾರಣ ಅನ್ನುವ ಹಾಗೆ.

ಮಾವ ಎಂದರೆ ನನ್ನ ಅವ್ವನ ತಮ್ಮ. ಹುನಗುಂದದ ಕಡೆಯಿಂದ ನನ್ನನ್ನು ಕರೆತಂದು ಈ ಶೆಡ್ಡಿಗೆ ಸೇರಿಸಿದವನು. ಲಗ್ಗೆರೆಯ ಬಾಡಿಗೆ ರೂಮಿನಲ್ಲಿ ಅವನು, ಅವನ ಹೆಂಡತಿ ಮಹಾನಂದಾ ಅತ್ತಿ, ನಾನು. ಶೆಡ್ಡಿನ ಗ್ರೈಂಡಿಂಗ್ ಮಶೀನು ಕಾಗದದಲ್ಲಿ ಲಕ್ಷ್ಮಣಪ್ಪನವರದು, ಮಾತು ಕೇಳುವುದು ಮಾವನದು. ಕಬ್ಬಿಣದ ತುಂಡನ್ನು ಮ್ಯಾಗ್ನೆಟ್ ಹಾಸಿಗೆಯ ಮೇಲೆ ಮಲಗಿಸಿ, ಸ್ವಿಚ್ ಹಾಕಿ, ಅದು ಅಲ್ಲಾಡದ ಹಾಗೆ ಕಚ್ಚಿಕೊಂಡ ಮೇಲೆ ಸಾಣೆಕಲ್ಲು ಓಡಿಸುತ್ತಾನೆ. ಆಮೇಲೆ ಹೆಬ್ಬೆರಳಿನಿಂದ ಅಂಚು ಸವರಿ, "ಇನ್ನೊಂದ್ ಎಳಿ ಐತಿ ನೋಡು" ಅನ್ನುತ್ತಾನೆ, ಅಂದರೆ ಕೂದಲೆಳೆಯಷ್ಟು ಇನ್ನೂ ಅರೆಯಬೇಕು. ಇವತ್ತು ಸವರಿದ. ಕೈ ಬದಲಿಸಿದ. ಇನ್ನೊಂದು ಸಲ ಸವರಿದ.

ನಾನೂ ಸಾಮಾನ್ಯನಲ್ಲ ಎಂಬುದನ್ನು ಇತಿಹಾಸ ಗಮನಿಸಬೇಕು. ನನ್ನ ಲೇತಿನ ಪಕ್ಕ ನನ್ನ ಕಣ್ಣಾಸ್ಪತ್ರೆ ಇದೆ. ಯಾರ ಕಣ್ಣಿಗೆ ಕಬ್ಬಿಣದ ಚೂರು ಬಿದ್ದರೂ ಬಂದು ನನ್ನ ಮುಂದೆ ಸ್ಟೂಲಿನ ಮೇಲೆ ಕೂರಬೇಕು. ಪೆನ್ನಿನಂಥ ಒಂದು ಮ್ಯಾಗ್ನೆಟ್ ಸದಾ ನನ್ನ ಜೇಬಿನಲ್ಲಿರುತ್ತದೆ, ಮಶೀನಿನ ಸಂದಿಗೆ ಬಿದ್ದ ಸ್ಕ್ರೂ ಎತ್ತುವ ಸಾಮಾನು. ರೆಪ್ಪೆ ಎತ್ತಿ ಹತ್ತಿರ ಹಿಡಿದರೆ ಚೂರು ಟಕ್ಕೆಂದು ಬಂದು ಕೂರುತ್ತದೆ. "ಗಂಡು ಮಗು, ತಾಯಿ ಮಗು ಇಬ್ಬರೂ ಕ್ಷೇಮ" ಎಂದು ರೋಗಿಗೆ ತೋರಿಸುತ್ತೇನೆ. ವಿದ್ಯೆ ಕಲಿಸಿದ ಗುರು ಮಾವನೇ.

ಗಾಗಲ್ಸ್ ಇಲ್ಲ ಅಂತಲ್ಲ. ಇದೆ. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಮೊಳೆಗೆ ನೇತುಹಾಕಿದ್ದೇವೆ. ಪೂಜೆ ಮಾಡಿದ ದೇವರನ್ನು ಯಾರಾದರೂ ಮೂಗಿನ ಮೇಲೆ ಕೂರಿಸಿಕೊಳ್ಳುತ್ತಾರೆಯೇ?

ನವೆಂಬರ್ 7, ಗುರುವಾರ

ಬೆಳಿಗ್ಗೆ ಮಾವನಿಗೂ ಅಂಗಿಯ ಗುಂಡಿಗೂ ಘೋರ ಯುದ್ಧ ನಡೆದು ಗುಂಡಿ ಗೆದ್ದಿತು. ನಾನು ಮೂಲೆಯಲ್ಲಿ ಕೂತು ಕಾಮೆಂಟರಿ ಹೇಳಿದೆ. ಕೊನೆಗೆ ಮಾವ, "ಲೇ ಮಂಗ್ಯಾ, ಬಾಯಿ ಮುಚ್ಚಿ ಬಂದು ಗುಂಡಿ ಹಾಕು" ಅಂದ. ಹಾಕಿದೆ. ಬೇಕಂತಲೇ ಒಂದೊಂದು ತೂತು ಬಿಟ್ಟು ಹಾಕಿದೆ. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಅಂಗಿಯಲ್ಲಿ ಮಾವ ಬಸ್‌ಸ್ಟಾಪಿನವರೆಗೂ ಗಂಭೀರವಾಗಿ ನಡೆದ. ನಡಿಗೆಯೂ ಸ್ವಲ್ಪ ಹಾಗೇ ಇತ್ತು, ಚಪ್ಪಲಿ ಎಲ್ಲೋ ಕಾಲು ಎಲ್ಲೋ.

ಅತ್ತಿಯ ಹಟಕ್ಕೆ ಸಂಜೆ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿದರು, ಮುಷ್ಟಿ ಬಿಗಿದು ಬಿಚ್ಚಲು ಹೇಳಿದರು. ಬಿಗಿದದ್ದು ಬೇಗ, ಬಿಚ್ಚಿದ್ದು ನಿಧಾನ. ಕೈಕಾಲಿನ ನರ ಕುತ್ತಿಗೆಯಲ್ಲಿ ಒತ್ತಿರಬೇಕೆಂದು ಅಲ್ಲಿನ ಎಕ್ಸ್‌ರೇ ತೆಗೆಸಿ, ನೋಡಿ ಹೇಳಿದರು: "ಇದ್ರಲ್ಲಿ ಮೂಳೆ ಮಾತ್ರ ಕಾಣೋದು. ಗೋಡೆ ಕಂಡ ಹಾಗೆ. ಗೋಡೆ ಒಳಗೆ ವೈರ್ ಎಲ್ಲಿ ಒತ್ತಿದೆ ಅಂತ ನೋಡಕ್ಕೆ ಎಂಆರ್‌ಐ ಬೇಕು. ತಡ ಮಾಡ್ಬೇಡಿ. ಕೈ ಹೋದ್ಮೇಲೆ ತಿರುಗಿ ಬರುತ್ತೆ ಅಂತ ಹೇಳಕ್ಕಾಗಲ್ಲ."

ಕೈ ಹೋಗುವುದು ಅಂದರೇನು, ಬಸ್ಸಿನಲ್ಲಿ ಹೋಗುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಅತ್ತಿಯ ಮುಖ ನೋಡಿ ಡಾಕ್ಟರ ಚೀಟಿಯನ್ನು ಮಡಚಿ ಜೇಬಿಗಿಟ್ಟೆ.

ನವೆಂಬರ್ 8, ಶುಕ್ರವಾರ

ಸರ್ಕಾರಿ ಆಸ್ಪತ್ರೆಯಲ್ಲಿ ಸಂಕ್ರಾಂತಿ ಕಳೆದ ಮೇಲೆ ತಾರೀಖು ಕೊಡುತ್ತಾರಂತೆ. ಲಕ್ಷ್ಮಣಪ್ಪನವರು, "ಅಲ್ಲೀಗಂಟ ಕಾಯ್ಕಂಡ್ ಕೂತ್ರೆ ಎಂಗ್ಲಾ? ಪ್ರೈವೇಟ್ನಾಗೆ ಮಾಡ್ಸು" ಅಂದರು. ಅಂದದ್ದಷ್ಟೇ ಅಲ್ಲ, ಒಳಕ್ಕೆ ಕರೆದು ಅದಕ್ಕೊಂದು ದಾರಿಯನ್ನೂ ಮಾಡಿದರು. ಹಣದ ಸಂಗತಿಯನ್ನು ಈ ಗ್ರಂಥದಲ್ಲಿ ಬರೆಯಕೂಡದೆಂದು ಸಂಪಾದಕರು, ಅಂದರೆ ನಾನು, ಆಜ್ಞೆ ಹೊರಡಿಸಿದ್ದಾರೆ. ಹಾಳೆ ಸುಮ್ಮನೆ ಅಳುಮುಂಜಿಯಾಗುತ್ತದೆ.

ಮಧ್ಯಾಹ್ನ ಊಟ ಬಿಟ್ಟು ಸ್ಕ್ಯಾನ್ ಸೆಂಟರುಗಳಿಗೆ ಫೋನು ಮಾಡಿದೆ. ಎಲ್ಲ ಕಡೆಯೂ ಮೊದಲು ಸಂಗೀತ, ಆಮೇಲೆ ಒಬ್ಬರು ಮೇಡಂ. ಕುತ್ತಿಗೇನಾ ಪೂರ್ತಿ ಬೆನ್ನಾ? ಇಂಜೆಕ್ಷನ್ ಹಾಕೋದಾ ಹಾಕದೇ ಇರೋದಾ? ಡಾಕ್ಟರ್ ಚೀಟಿ ಇದ್ಯಾ? ಒಬ್ಬರು ಕೇಳಿದರು, "ಪೇಷಂಟ್ ಬಾಡೀಲಿ ಮೆಟಲ್ ಏನಾದ್ರೂ ಇದ್ಯಾ ಸಾರ್?"

"ಮೇಡಂ, ನಮ್ಮ ಮಾವ ಉಕ್ಕಿನ ಮನುಷ್ಯ."

ಆ ಕಡೆ ಕಾಗದ ಮಗುಚಿದ ಸದ್ದು. "ಇಲ್ಲ ಅಂತ ಹಾಕ್ಕೊಳ್ಲಾ ಸಾರ್?"

"ಹಾಕ್ಕೊಳಿ."

ಮಂಗಳವಾರ ಬೆಳಿಗ್ಗೆಯದೇ ಮೊದಲ ಸ್ಲಾಟು.

ನವೆಂಬರ್ 10, ಭಾನುವಾರ

ಎಂಆರ್‌ಐ ರಿಹರ್ಸಲ್ ಏರ್ಪಡಿಸಲಾಯಿತು. ಮಾವನನ್ನು ಮಂಚದ ಕೆಳಗೆ ಮಲಗಿಸಿದೆ. ಅತ್ತಿಯ ಕುಕ್ಕರಿನ ಮುಚ್ಚಳ ಬಡಿದು ಮಶೀನಿನ ಸದ್ದು ಮಾಡಿದೆ. "ರೋಗಿಯು ಅಲ್ಲಾಡಕೂಡದು! ಉಸಿರು ಸರ್ಕಾರದ ಅನುಮತಿಯಿಂದ ಮಾತ್ರ!" ಆಮೇಲೆ ತಟ್ಟೆಯ ಕೆಳಗೆ ಮ್ಯಾಗ್ನೆಟ್ ಹಿಡಿದು, ಅತ್ತಿಯ ಪಿನ್ನು ತಟ್ಟೆಯ ಮೇಲೆ ತಾನೇ ನಡೆಯುವ ಹಾಗೆ ಮಾಡಿದೆ. "ನೋಡು ಮಾವ, ಅಲ್ಲಿ ಇದರ ಸಾವಿರ ಪಟ್ಟು ದೊಡ್ಡದು. ನಿನ್ನ ಹಲ್ಲಿನ ಸಿಮೆಂಟು, ನೆತ್ತರಿನ ಕಬ್ಬಿಣ, ಎಲ್ಲಾ ಎಳಕೊಂಡು ಬರೇ ತೊಗಲು ವಾಪಸ್ ಕೊಡ್ತಾರ."

ಮಾವ ಕೆಮ್ಮು ಬರುವಷ್ಟು ನಕ್ಕ. "ಸುಳ್ಳಿನ ಡಬ್ಬಿ ನೀನು" ಅಂದ. ಮಂಚದ ಕೆಳಗಿನಿಂದ ಏಳಲು ಆಗಲಿಲ್ಲ. ನಾನೂ ಅತ್ತಿಯೂ ಕಂಕುಳಿಗೆ ಕೈಹಾಕಿ ಎತ್ತಿದೆವು.

ನವೆಂಬರ್ 12, ಮಂಗಳವಾರ

ಎಲ್ಲವನ್ನೂ ಸರಿಯಾಗಿ ಬರೆಯಬೇಕು. ಕೈ ಸುಸ್ತಾಗಿದೆ.

ಸೆಂಟರಿನಲ್ಲಿ ಚಳಿಯೋ ಚಳಿ. ಮಾವನ ಬೆಲ್ಟು, ಉಂಗುರ, ತಾಯಿತ, ಮದುವೆಯ ದಿನವೂ ಬಿಚ್ಚದಿದ್ದ ಬೆಳ್ಳಿಯ ಉಡದಾರ, ಎಲ್ಲ ಅತ್ತಿಯ ಸೆರಗಿಗೆ ಬಂತು. ಹಸಿರು ಗೌನಿನಲ್ಲಿ ಮಾವ ಯಾವುದೋ ಮಠದಿಂದ ಓಡಿಬಂದ ಸ್ವಾಮಿಯ ಹಾಗೆ ಕಂಡ. ಹೇಳಿದೆ. ಅವನು ನಗಲಿಲ್ಲ.

ಒಳಬಾಗಿಲ ಹತ್ತಿರ ಮಂಜುಶ್ರೀ ಎಂಬ ಮೇಡಂ. ಮಶೀನು ಓಡಿಸುವವರು. ನಿಂತುಕೊಂಡೇ ಒಂದೊಂದಾಗಿ ಕೇಳಿದರು. ಹಾರ್ಟಲ್ಲಿ ಮಶೀನ್ ಇಟ್ಟಿದಾರಾ? ಇಲ್ರಿ. ಆಪರೇಷನ್ ಆಗಿ ರಾಡ್, ಕ್ಲಿಪ್ಪು? ಇಲ್ರಿ.

"ಏನ್ ಕೆಲ್ಸ ಮಾಡ್ತೀರಾ?"

"ಫ್ಯಾಕ್ಟರ್ಯಾಗರೀ."

"ಫ್ಯಾಕ್ಟ್ರೀಲಿ ಏನು? ಲೇತು, ವೆಲ್ಡಿಂಗು, ಗ್ರೈಂಡಿಂಗು?"

ಮಾವ ನನ್ನನ್ನು ನೋಡಿದ. "ಲೆಕ್ಕಾ ಬರೀತೀನ್ರಿ ಅಕ್ಕಾರ."

ನನಗೆ ಎಂಥ ಸಂತೋಷವಾಯಿತೆಂದರೆ! ಇಷ್ಟು ವರ್ಷಕ್ಕೆ ಮಾವನೂ ನನ್ನ ಸಂಪ್ರದಾಯಕ್ಕೆ ಸೇರಿದ, ಎಂಥ ಮುಖ ಇಟ್ಟುಕೊಂಡು ಸುಳ್ಳು ಹೇಳಿದ ಅಂತ. ಅವನು ಕಣ್ಣು ಮಿಟುಕಿಸುವುದನ್ನೇ ಕಾದೆ.

"ಯಾವತ್ತಾದ್ರೂ ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತಾ?"

"ಇಲ್ರಿ."

ಮಿಟುಕಿಸಲಿಲ್ಲ. ಮೇಡಂ ಬಾಗಿಲಿಗೆ ಕೈಯಿಟ್ಟರು.

"ಮೇಡಂ, ಬಿದ್ದಿದೆ" ಅಂದೆ. "ತುಂಬಾ ಸಲ. ಗ್ರೈಂಡಿಂಗೇ ಇವನ ಕೆಲಸ."

"ಇವನ ಮಾತ ಕೇಳಬ್ಯಾಡ್ರಿ ಅಕ್ಕಾರ," ಮಾವ ಅಂದ. "ಮೊದಲಿಂದ ಚ್ಯಾಷ್ಟಿ ಮಾಡೂ ಹುಡುಗ. ಹೆಣಾ ಹೊತ್ತಲ್ಲೂ ನಗಸ್ತಾನ."

ಅತ್ತಿ ನನ್ನ ತೋಳು ಹಿಡಿದು ಎಳೆದಳು. "ಮುತ್ತೂ, ಇಲ್ಲೂ ಬ್ಯಾಡೋ. ಕಾಲ ಬೀಳ್ತೀನಿ."

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾರ್, ಹಿಂದೆ ಜನ ಕಾಯ್ತಿದಾರೆ. ತಮಾಷೆನಾ, ನಿಜಾನಾ?"

ನಿಜವಾದ ಮುಖ ಹೇಗೆ ಇಟ್ಟುಕೊಳ್ಳುವುದು ಎಂದು ಗೊತ್ತಾಗಲಿಲ್ಲ. ಇರುವುದೊಂದೇ ಮುಖ, ಅದನ್ನು ಎಲ್ಲರೂ ನೋಡಿಬಿಟ್ಟಿದ್ದಾರೆ. ಜೇಬಿಗೆ ಕೈಹಾಕಿ ಪೆನ್ನಿನ ಮ್ಯಾಗ್ನೆಟ್ ತೆಗೆದು ಹಿಡಿದೆ. "ಇದರಿಂದ ತೆಗೀತೀವಿ ಮೇಡಂ. ಎಲ್ಲಾನೂ ಬಂತಾ ಇಲ್ವಾ ಅಂತ ಯಾರೂ ನೋಡಿಲ್ಲ."

"ಅಯ್ಯೋ, ಅದನ್ನ ಇಲ್ಲೀವರೆಗೂ ತಂದಿದೀರಾ!" ಎಂದು ಮೇಡಂ ಎರಡು ಬೆರಳಲ್ಲಿ ಕಸಿದುಕೊಂಡು ಹೊರಗಿನ ಲಾಕರಿಗೆ ಹಾಕಿದರು. ವಾಪಸ್ ಬಂದಾಗ ಅವರ ದನಿ ಬೇರೆಯಾಗಿತ್ತು. ಮಾವನ ಬೆರಳುಗಳ ಸಂದಿಯ ಕಪ್ಪು ಗೀರುಗಳನ್ನು ಆಗ ನೋಡಿದರು ಅನ್ನಿಸುತ್ತದೆ. "ಒಳಗಡೆ ಮ್ಯಾಗ್ನೆಟ್ ಯಾವಾಗ್ಲೂ ಆನ್ ಇರುತ್ತೆ. ಕಣ್ಣಲ್ಲಿ ಧೂಳಿನಷ್ಟು ಕಬ್ಬಿಣ ಉಳಿದಿದ್ರೂ ಅದು ಅಲ್ಲಾಡಬಹುದು. ಒಳಗೆ ರಕ್ತ ಬರ್ಬಹುದು, ಕಣ್ಣೇ ಹೋಗ್ಬಹುದು. ಮೊದಲು ಕಣ್ಣಿನ ಎಕ್ಸ್‌ರೇ ತೆಗೆಸಿ."

ಪಕ್ಕದ ಕೋಣೆಯಲ್ಲಿ ತೆಗೆದರು. ಬಲಗಣ್ಣಿನ ಗುಳಿಯಲ್ಲಿ ಒಂದು ಬಿಳಿ ಚುಕ್ಕೆ, ಸಾಸಿವೆಗಿಂತ ಚಿಕ್ಕದು. ನನ್ನ ಕಣ್ಣಾಸ್ಪತ್ರೆ ತೆರೆಯುವ ಮೊದಲಿನದೋ ಆಮೇಲಿನದೋ, ಅದರ ಮೇಲೆ ಹೆಸರು ಬರೆದಿರಲಿಲ್ಲ.

ಇವತ್ತು ಸ್ಕ್ಯಾನ್ ಇಲ್ಲ. ಕಣ್ಣಿನ ಡಾಕ್ಟರು ಚೂರು ತೆಗೆದು, ಇನ್ನೇನೂ ಇಲ್ಲ ಎಂದು ಬರೆದುಕೊಟ್ಟ ಮೇಲೇ.

ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತ. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಮಾತಾಡಿದ. "ಇವತ್ತ ಮುಗೀತಿತ್ತು. ಕಣ್ಣಾಗ ಚೂರ ಬಿದ್ದಿತ್ತಂದ್ರ ಮನಿಗೆ ಕಳಸ್ತಾರಂತ ಗೊತ್ತಿತ್ತು ನಂಗ. ಇನ್ನ ಮಶೀನಿಗೆ ಬ್ಯಾರೆದವನ್ನ ನಿಂದರಸ್ತಾರ." ಲಗ್ಗೆರೆ ಬರುವ ಹೊತ್ತಿಗೆ ಇನ್ನೊಂದು ಮಾತು ಅಂದ. "ಕಣ್ಣ ಉಳಿಸಿ ಕೈ ಕಳದಿ."

ನವೆಂಬರ್ 13, ಬುಧವಾರ

ಮಾವ ಮಾತಾಡಲಿಲ್ಲ. ಗುಂಡಿ ಅತ್ತಿ ಹಾಕಿದಳು.

ನವೆಂಬರ್ 16, ಶನಿವಾರ

ಕಣ್ಣಾಸ್ಪತ್ರೆ, ನಿಜವಾದದ್ದು. ಬೆಳಿಗ್ಗೆ ಹೋದವರು ಸಂಜೆ ಬಂದೆವು. ಕಣ್ಣಿಗೆ ಹನಿ ಹಾಕಿ ಕೂರಿಸುತ್ತಾರೆ, ಆಮೇಲೆ ಇನ್ನೊಂದು ಕೋಣೆ, ಅಲ್ಲೂ ಹನಿ. ಕಾಯುವ ಕುರ್ಚಿಯಲ್ಲಿ ಕೂತವರಿಗೆಲ್ಲ ಅಡ್ಡಹೆಸರಿಡೋಣ ಎಂದು ಶುರು ಮಾಡಿದೆ. ಇಬ್ಬರಿಗೆ ಇಟ್ಟ ಮೇಲೆ ನಿದ್ದೆ ಬಂತು.

ಚೂರು ಬಿಳಿಗುಡ್ಡೆಯ ಪದರದಲ್ಲಿ ಹೂತಿದೆಯಂತೆ, ಮೂಗಿನ ಕಡೆಗೆ. ಹಳೆಯದು. ಗುರುವಾರ ಬಿಡಿಸಿ ತೆಗೆಯುತ್ತಾರೆ. ನಾನು ಡಾಕ್ಟರನ್ನು ಕೇಳಿದೆ, "ಸಾರ್, ಇದನ್ನ ಇಟ್ಕೊಂಡೇ ಎಂಆರ್‌ಐ ಮಾಡಿಸಿದ್ರೆ ಕಣ್ಣು ಹೋಗ್ತಿತ್ತಾ?" ಅವರು ಹೌದು ಅನ್ನಲಿ ಎಂದು ಕಾದೆ. ಮಾವ ಪಕ್ಕದಲ್ಲೇ ಇದ್ದ.

"ಹೋಗ್ತಿತ್ತೋ ಇಲ್ವೋ ನನಗೂ ಗೊತ್ತಿಲ್ಲಪ್ಪ. ಮಾಡಿ ನೋಡೋ ವಿಷ್ಯ ಅಲ್ಲ ಅದು."

ಅಷ್ಟೇ. ನನಗೂ ಜಯವಿಲ್ಲ, ಮಾವನಿಗೂ ಇಲ್ಲ.

ನವೆಂಬರ್ 21, ಗುರುವಾರ

ತೆಗೆದರು. ಕಣ್ಣಿಗೆ ಪಟ್ಟಿ. ಚೂರನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಗಂಡು ಮಗು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅತ್ತಿ ಡಬ್ಬಿಯನ್ನು ಬೆಳಕಿಗೆ ಹಿಡಿದು, "ಇಷ್ಟಕ್ಕನ?" ಅಂದಳು.

ಮಾವನ ಬಲಗೈ ಈಗ ಅನ್ನ ಕಲಸುವುದಿಲ್ಲ. ಚಮಚವನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ, ಸ್ಕ್ರೂಡ್ರೈವರ್ ಹಿಡಿದ ಹಾಗೆ. ಎಡಗೈಯೂ ಜುಮ್ಮೆನ್ನುತ್ತದೆ ಎಂದು ಅತ್ತಿಗೆ ಹೇಳಿದ. ಹಳೆಯ ತಾರೀಖಿಗೇ ಸ್ಕ್ಯಾನ್ ಆಗಿದ್ದರೆ ಇಷ್ಟು ದಿನಕ್ಕೆ ಏನಾದರೂ ಶುರುವಾಗುತ್ತಿತ್ತು. ಈ ಲೆಕ್ಕವನ್ನು ನಾನು ಬಸ್ಸಿನಲ್ಲಿ, ಲೇತಿನ ಮುಂದೆ, ಸ್ನಾನ ಮಾಡುವಾಗ ಮಾಡುತ್ತಿರುತ್ತೇನೆ. ಪ್ರತಿ ಸಲವೂ ಅದೇ ಉತ್ತರ. ಇದೆಲ್ಲ ಮೊದಲೇ ಗೊತ್ತಿದ್ದರೂ ಅವತ್ತು ಮೇಡಂಗೆ ನಿಜ ಹೇಳುತ್ತಿದ್ದೆ.

ಮುಂದಿನ ಬುಧವಾರಕ್ಕೆ ಸ್ಲಾಟು ಸಿಕ್ಕಿತು. ಫೋನಿನಲ್ಲಿ ಅದೇ ಮೇಡಂ, ಬಾಡೀಲಿ ಮೆಟಲ್ ಇದ್ಯಾ ಅಂತ ಕೇಳಿದರು. ಇತ್ತು, ತೆಗೆಸಿದೀವಿ, ಕಣ್ಣಿನ ಡಾಕ್ಟರು ಮತ್ತೆ ಎಕ್ಸ್‌ರೇ ನೋಡಿ ಇಲ್ಲ ಅಂದಿದಾರೆ ಅಂದೆ. "ಥ್ಯಾಂಕ್ಸ್ ಸಾರ್, ಕರೆಕ್ಟಾಗಿ ಹೇಳಿದ್ರಿ" ಅಂದರು.

ನವೆಂಬರ್ 25, ಸೋಮವಾರ

ಬಸಲಿಂಗ ಕಣ್ಣುಜ್ಜಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. "ಡಾಕ್ಟ್ರೇ, ಎಮರ್ಜೆನ್ಸಿ."

"ಉಜ್ಜಬ್ಯಾಡ. ನಡಿ, ಆಸ್ಪತ್ರಿಗೆ ಹೋಗೋಣು."

ಅವನು ನಕ್ಕ. ಪಕ್ಕದವರೂ ನಕ್ಕರು. ನಾನು ಮುಂದೇನು ಹೇಳುತ್ತೇನೆ ಎಂದು ಎಲ್ಲರೂ ಕಾದರು. ನಾನು ಆಟೋ ಕರೆದೆ. ಆಟೋದಲ್ಲಿ ಕೂತ ಮೇಲೂ ಬಸಲಿಂಗ, "ಲೇ, ಎಲ್ಲಿ ಇಳಸ್ತೀಯೋ ಹೇಳಪಾ, ಮಾರ್ಕೆಟ್ನಾಗೋ ಸ್ಮಶಾನದಾಗೋ?" ಅನ್ನುತ್ತಲೇ ಇದ್ದ. ಆಸ್ಪತ್ರೆಯ ಗೇಟು ಬಂದಾಗ ಕಣ್ಣುಜ್ಜುವುದನ್ನು ಬಿಟ್ಟ.

ಅರ್ಧ ದಿನ ಹೋಯಿತು. ಲಕ್ಷ್ಮಣಪ್ಪನವರು ಬೈದರು. ಆಮೇಲೆ ತಾವೇ, "ಅಂಗಾರೆ ಆ ಭರಮಪ್ಪನ್ ಕಣ್ಣಾಗೆ ಇದ್ದಿದ್ದು ದಿಟವೇನ್ಲಾ?" ಎಂದು ಕೇಳಿದರು. ಡಬ್ಬಿ ತೋರಿಸಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

ಗ್ರೈಂಡಿಂಗ್ ಮಶೀನಿನ ಮೇಲೆ ಧೂಳು ಕೂತಿದೆ. ಮಾವನ ಜಾಗಕ್ಕೆ ಯಾರನ್ನೂ ನಿಲ್ಲಿಸಿಲ್ಲ. ಕೆಲಸವನ್ನು ಹೊರಗೆ ಕೊಟ್ಟು ಮಾಡಿಸುತ್ತಿದ್ದಾರೆ. ಇದನ್ನು ಮಾವನಿಗೆ ಹೇಳಿದೆ. ಅವನು ತಲೆಯಾಡಿಸಿದ. ಎರಡು ವಾರಕ್ಕೆ ಮೊದಲ ಉತ್ತರ.

ನವೆಂಬರ್ 27, ಬುಧವಾರ

ಮಂಜುಶ್ರೀ ಮೇಡಂ ಮೊದಲಿನ ಪ್ರಶ್ನೆಗಳನ್ನೆಲ್ಲ ಮತ್ತೆ ಕೇಳಿದರು.

"ಏನ್ ಕೆಲ್ಸ?"

"ಗ್ರೈಂಡಿಂಗ್ರೀ," ಮಾವ ಅಂದ. ತಲೆ ಬಗ್ಗಿಸಿಯೇ ಅಂದ.

ಒಬ್ಬರು ಜೊತೆಗೆ ಒಳಗೆ ಇರಬಹುದು ಅಂದರು. ಅತ್ತಿ ತಾಳಿ ತೆಗೆಯಬೇಕಾಗುತ್ತದೆಂದು ನಾನೇ ಹೋದೆ. ನನ್ನನ್ನೂ ಎಲ್ಲ ಪ್ರಶ್ನೆ ಕೇಳಿದರು. ನನಗೂ ಕಣ್ಣಿನ ಎಕ್ಸ್‌ರೇ ಆಗಬೇಕು, ಲೇತಿನವನಲ್ಲವೇ ಅಂದರು. ಆಯಿತು, ಏನೂ ಇರಲಿಲ್ಲ. ಕಿವಿಗೆ ಹತ್ತಿ ತುರುಕಿದರು.

ಮಾವನನ್ನು ಹಲಗೆಯ ಮೇಲೆ ಮಲಗಿಸಿದರು. ತಲೆಯ ಎರಡೂ ಕಡೆ ದಿಂಬು, ಮುಖದ ಮೇಲೆ ಜಾಲರಿ. "ಕತ್ತು ಅಲ್ಲಾಡಿಸ್ಬಾರ್ದು. ಅಲ್ಲಾಡಿದ್ರೆ ಫೋಟೋ ಕಲಸಿಹೋಗುತ್ತೆ, ಮೊದಲಿಂದ ಮಾಡ್ಬೇಕು" ಅಂದರು ಮೇಡಂ. ಹಲಗೆ ಒಳಗೆ ಸರಿಯಿತು. ಜೀವನವಿಡೀ ಮ್ಯಾಗ್ನೆಟ್ಟಿನ ಮೇಲೆ ಕಬ್ಬಿಣವನ್ನು ಮಲಗಿಸಿದವನು ಈಗ ತಾನೇ ಮಲಗಿದ್ದ. ಸದ್ದು ಕುಕ್ಕರ್ ಮುಚ್ಚಳದ ಹಾಗೆ ಇರಲಿಲ್ಲ. ನಮ್ಮ ಶೆಡ್ಡಿನ ಹಾಗೆಯೇ ಇತ್ತು, ಬೆಲ್ಟು ಸಡಿಲವಾದ ಮಶೀನಿನ ಹಾಗೆ. ಹೊರಗೆ ಚಾಚಿದ್ದ ಅವನ ಪಾದವನ್ನು ನಾನು ಹಿಡಿದುಕೊಂಡಿದ್ದೆ. ಹಿಡಿದಿದ್ದು ಅವನಿಗೆ ಗೊತ್ತಾಗುತ್ತಿತ್ತೋ ಇಲ್ಲವೋ, ಕೇಳಿಲ್ಲ.

ನವೆಂಬರ್ 30, ಶನಿವಾರ

ಮೊದಲಿನ ಡಾಕ್ಟರು ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಮಾವನ ಕುತ್ತಿಗೆ, ನಿಂತ ಹಾಗೆ ಸೀಳಿದ್ದು. ಮಧ್ಯೆ ಬೂದು ಬಣ್ಣದ ಹಗ್ಗ, ಅದೇ ನರದ ದಾರಿ. ಎರಡು ಕಡೆ ಮೂಳೆಗಳ ನಡುವಿನ ಮೆತ್ತೆ ಹೊರಗೆ ಉಬ್ಬಿ ಹಗ್ಗವನ್ನು ಚಿವುಟಿತ್ತು. ಚಿವುಟಿದ ಜಾಗದಲ್ಲಿ ಹಗ್ಗ ಬೆಳ್ಳಗಾಗಿತ್ತು. ಯಾರೂ ಬೆರಳಿಟ್ಟು ತೋರಿಸಬೇಕಾಗಿರಲಿಲ್ಲ, ಕಾಣುತ್ತಿತ್ತು.

"ಆಪರೇಷನ್ ಮಾಡಿ ಒತ್ತಡ ತೆಗೀಬೇಕು. ಈ ಹದಿನೈದು ದಿನ ತಡ ಆಗಿದ್ರಿಂದ ಹೆಚ್ಚೇನೂ ಬದಲಾಗಿಲ್ಲ, ಇದು ವರ್ಷಗಟ್ಟಲೆ ಕೂತಿರೋದು. ಇನ್ನೂ ಹಾಳಾಗೋದು ನಿಲ್ಲುತ್ತೆ, ಆ ನಂಬಿಕೆ ಇದೆ."

"ಕೈ ಬರ್ತೈತೇನ್ರಿ? ಮಶೀನ್ ಹಿಡಿಯೂ ಹಂಗ?" ಮಾವ ಕೇಳಿದ.

ಡಾಕ್ಟರು ಚಿತ್ರದ ಕಡೆ ನೋಡಿದರು. ನಾವೂ ನೋಡಿದೆವು. "ಅದನ್ನ ಇದು ತೋರ್ಸಲ್ಲ" ಅಂದರು.

ಹೊರಗೆ ಬಂದು ಟೀ ಕುಡಿದೆವು. ಮಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದ. ನಾನು ಕೆಳಗೆ ಅಂಗೈ ಇಟ್ಟುಕೊಂಡಿದ್ದೆ. ಬೀಳಲಿಲ್ಲ. ಮಾವ ಪಟ್ಟಿ ತೆಗೆದ ಕಣ್ಣನ್ನು ಕಿರಿದು ಮಾಡಿ ಅಂದ, "ಅಂವಾ ಏನಂದ? ಹದಿನೈದ ದಿನದಾಗ ಬದಲಾಗಿಲ್ಲ ಅಂದನಲ್ಲ?"

"ಹೂಂ."

"ಹಂಗಾರ ಬಿಡು."

ಡಿಸೆಂಬರ್ 5, ಗುರುವಾರ

ಸೋಮವಾರ ಆಪರೇಷನ್. ಅದಕ್ಕೆ ಮೊದಲು ಒಮ್ಮೆ ಶೆಡ್ಡು ನೋಡಬೇಕೆಂದು ಮಾವ ಹಟ ಹಿಡಿದ. ಬೆಳಿಗ್ಗೆ ಅವನ ಗುಂಡಿ ಹಾಕಿದೆ, ಸಾಲಾಗಿ. ನನ್ನ ಕೈಹಿಡಿದು ಬಂದ.

ಗ್ರೈಂಡಿಂಗ್ ಮಶೀನಿನ ಮುಂದೆ ನಿಂತು ಧೂಳನ್ನು ಮೊಣಕೈಯಿಂದ ಒರೆಸಿದ. ಲಕ್ಷ್ಮಣಪ್ಪನವರು ಏನೋ ಹೇಳಲು ಬಂದವರು ದೂರದಲ್ಲೇ ನಿಂತರು. "ಒಂದ್ ತುಂಡ ಇಡು," ಮಾವ ನನಗೆ ಹೇಳಿದ. ಇಟ್ಟೆ. "ಸ್ವಿಚ್ ಹಾಕು." ಹಾಕಿದೆ. ತುಂಡು ಕಚ್ಚಿಕೊಂಡಿತು. "ನೀನ ಓಡಸ್ಬೇಕು ಇನ್ನ. ನಾ ಬಾಜೂಕ ಕುಂತು ಹೇಳ್ತೀನಿ. ಮೊದಲ ಅದನ್ನ ತಗೊಂಡ್ ಬಾ."

ಮೊಳೆಯ ಮೇಲಿನ ಗಾಗಲ್ಸ್. ಚೆಂಡುಹೂವು ಒಣಗಿ ಮುಟ್ಟಿದರೆ ಪುಡಿಯಾಯಿತು. ಗಾಜಿಗೆ ಅಂಟಿದ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದೆ. ಬಸಲಿಂಗ, "ದೇವರನ್ನ ಇಳಸಿದ್ರಲೇ!" ಎಂದು ಕೂಗಿದ. ಉತ್ತರ ಕೊಡುವಷ್ಟರಲ್ಲಿ ಮಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನನ್ನು ತಿರುಗಿ ನಿಲ್ಲಲು ಹೇಳಿದ.

ಗಾಜು ನನ್ನ ಕಣ್ಣಿನ ಮೇಲೆ ಬಂತು. ತಲೆಯ ಹಿಂದೆ ಪಟ್ಟಿಯನ್ನು ಎಳೆದು ಬಕಲಿಗೆ ಸೇರಿಸಬೇಕು. ಅವನ ಬೆರಳುಗಳು ನನ್ನ ಕೂದಲಿನಲ್ಲಿ ತಡಕಾಡಿದವು. ಪಟ್ಟಿ ಜಾರಿತು. ಮತ್ತೆ ಹಿಡಿದ. ಮತ್ತೆ ಜಾರಿತು. "ಸುಮ್ನ ನಿಂದ್ರೋ ಮಂಗ್ಯಾ" ಅಂದ.

ಶೆಡ್ಡಿನಲ್ಲಿ ಎಲ್ಲ ಮಶೀನು ಓಡುತ್ತಿದ್ದವು. ಕತ್ತು ಅಲ್ಲಾಡಿದರೆ ಮೊದಲಿಂದ ಮಾಡಬೇಕಾಗುತ್ತದೆ ಎಂದು ಮಂಜುಶ್ರೀ ಮೇಡಂ ಹೇಳಿದ್ದರು. ಅವನು ಬಕಲು ಹುಡುಕಿಕೊಳ್ಳುವವರೆಗೂ ಅಲ್ಲಾಡದೆ ನಿಂತಿದ್ದೆ.